ಹೋಗಬಾರದಿದ್ದ ದೋಣಿಯ ಹಗ್ಗ ಕೊಯ್ದವರಿಗೆ

ಮಾನ್ಯ ಜಿಲ್ಲಾ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ವಿಭಾಗದ ಮುಖ್ಯಸ್ಥರೇ,

ನಮ್ಮೂರ ಕಸವನ್ನು ಸಮುದ್ರಕ್ಕೆ ಬಿಟ್ಟವರು ನೀವು. ಅದಕ್ಕಾಗಿ ಬರುವ ಗುರುವಾರ ಕರಾವಳಿ ಪೊಲೀಸರ ಠಾಣೆಯಲ್ಲಿ ಆರೋಪಿಯಾಗಿ ನಿಲ್ಲಬೇಕಾಗಿರುವವರು ದೊಲ್‌ಮೊಕ್ ಊರಿನ ಮಾ ಸುನ್‌ಡಕ್ ಅಜ್ಜಿ. ಈ ಎರಡು ವಾಕ್ಯಗಳ ನಡುವೆ ಏನು ನಡೆಯಿತೆಂಬುದು ನಿಮಗೆ ಗೊತ್ತು, ನನಗೆ ಗೊತ್ತು, ಅಂದು ದೋಣಿ ಕಟ್ಟುವ ದಕ್ಕೆಯ ಮೇಲೆ ನಿಂತು ಚಪ್ಪಾಳೆ ತಟ್ಟಿದ ಅಷ್ಟೂ ಜನಕ್ಕೆ ಗೊತ್ತು. ಗೊತ್ತಿಲ್ಲದಂತೆ ಕೂತಿರುವುದು ನಿಮ್ಮ ಕಚೇರಿ ಮಾತ್ರ. ತಮಗೆ ನೇರವಾಗಿ ಬರೆದಾಗ ಬಂದ ಉತ್ತರ ಒಂದೇ ಸಾಲಿನದು: ತಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಾನು ಬರೆದದ್ದು ಅಭಿಪ್ರಾಯವಲ್ಲ ಮಾನ್ಯರೇ, ಅಸಹ್ಯ. ಅದು ನಿಮಗೆ ತಲುಪಲಿಲ್ಲವಾದ್ದರಿಂದ ಈಗ ಪತ್ರಿಕೆಯಲ್ಲಿ, ಎಲ್ಲರೆದುರು, ಮತ್ತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ಕೇಳುತ್ತೀರಿ. ನಮ್ಮ ದ್ವೀಪದಲ್ಲಿ ಹೆಂಗಸರ ಕೂದಲು ಕತ್ತರಿಸಿ, ಬಣ್ಣ ಹಚ್ಚಿ, ಗುಂಗುರು ಮಾಡುವ ಅಂಗಡಿ ಇರುವುದು ಒಂದೇ, ಅದು ನನ್ನದು. ದೊಲ್‌ಮೊಕ್‌ನ ಅಜ್ಜಿಯರ ತಲೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿವೆ ಎಂದು ಪರಿಸರ ಉತ್ಸವದ ಸಮಾರೋಪ ಭಾಷಣದಲ್ಲಿ ತಾವು ತಮಾಷೆ ಮಾಡಿದಿರಲ್ಲ, ಆ ಅಚ್ಚು ನಾನೇ. ಊರಿನ ಹೆಂಗಸರು ನನ್ನ ಕುರ್ಚಿಯಲ್ಲಿ ತಲೆ ಕೊಟ್ಟು ಕೂತು ಮಾತಾಡದ ಸಂಗತಿಯೇ ಇಲ್ಲ. ತಮ್ಮ ಕಚೇರಿಯಿಂದ 'ದಿನಬಳಕೆಯ ವಸ್ತುಗಳಿಂದ ಸಮುದಾಯ ಪರಿಸರ ಕಲಾಕೃತಿ' ಎಂಬ ಯೋಜನೆಯ ಸುತ್ತೋಲೆ ಬಂದಾಗ ಅದರ ಚರ್ಚೆ ನಡೆದದ್ದೂ ಅಲ್ಲಿಯೇ.

"ತಿಮಿಂಗಿಲ ಮಾಡೋಣ" ಎಂದರು ಯಾರೋ.

"ಪಕ್ಕದ ದ್ವೀಪದೋರೂ ತಿಮಿಂಗಿಲಾನೇ ಮಾಡ್ತಿದಾರಂತೆ, ಬಾಟ್ಲಿಯಲ್ಲಿ."

"ಹಂಗಾದ್ರೆ ಆಮೆ."

ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ಸುನ್‌ಡಕ್ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು. "ತಿಮಿಂಗಿಲ ನಿಮ್ಮನೆ ಬಾಗ್ಲಿಗೆ ಯಾವತ್ತೇ ಬಂದಿತ್ತು? ಬಂದು ಬಿದ್ದಿರೋದು ಕಸ. ಯಾವ್ದು ಬಂದಿದ್ಯೋ ಅದನ್ನ ಮಾಡಿ."

"ಕಸಾನ ಏನಜ್ಜಿ ಮಾಡೋದು? ಅದು ಆಗ್ಲೇ ಕಸ ಆಗಿದ್ಯಲ್ಲ."

"ದೋಣಿ ಮಾಡಿ. ನಮ್ಮ ಹುಲ್ಲಿನ ದೋಣಿ ಇಲ್ವಾ, ಅದೇ ಅಳತೆ, ಅದೇ ಆಕಾರ. ಆದ್ರೆ ಇದನ್ನ ಕಳ್ಸೋದು ಬೇಡ. ಇಲ್ಲೇ ಬಿದ್ದಿರ್ಲಿ, ದಿನಾ ಕಣ್ಣಿಗೆ ಚುಚ್ಲಿ."

ಹುಲ್ಲಿನ ದೋಣಿಯ ವಿಷಯ ತಮಗೆ ಹೇಳಬೇಕಾಗಿಲ್ಲ ಎಂದುಕೊಂಡಿದ್ದೆ. ಅದರ ಚಿತ್ರವಿರುವ ಕ್ಯಾಲೆಂಡರು ಪ್ರತಿ ವರ್ಷ ತಮ್ಮ ಕಚೇರಿಯಿಂದಲೇ ಬರುತ್ತದೆ. ಆದರೂ ತಾವು ಮಾಡಿದ್ದನ್ನು ನೋಡಿದ ಮೇಲೆ ಹೇಳದೆ ವಿಧಿಯಿಲ್ಲ. ವರ್ಷದ ಮೊದಲ ಹುಣ್ಣಿಮೆಗೆ ನಾವು ಜೊಂಡು ಮತ್ತು ಭತ್ತದ ಹುಲ್ಲಿನಿಂದ ದೋಣಿ ಕಟ್ಟುತ್ತೇವೆ. ಮನೆಗೊಂದು ಹುಲ್ಲಿನ ಗೊಂಬೆ. ಆ ಮನೆಯ ಕೆಮ್ಮು, ಜಗಳ, ಬರಿಗೈಲಿ ಬಂದ ಬಲೆ, ಎಲ್ಲವನ್ನೂ ಗೊಂಬೆಯ ಕಿವಿಯಲ್ಲಿ ಹೇಳಿ ದೋಣಿಯೊಳಗೆ ಕೂರಿಸುತ್ತೇವೆ. ಮೀನುದೋಣಿಗಳು ಅದನ್ನು ಭೂಶಿರದಾಚೆ ಎಳೆದೊಯ್ದು ಹಗ್ಗ ಕೊಯ್ದು ಬಿಡುತ್ತವೆ. ಬಿಟ್ಟ ಮೇಲೆ ಯಾರೂ ತಿರುಗಿ ನೋಡಬಾರದು. ನಮ್ಮಜ್ಜಿಯ ಅಜ್ಜಿಯ ಕಾಲದಿಂದಲೂ ನಮ್ಮ ಅನಿಷ್ಟಗಳನ್ನು ಸಮುದ್ರ ಹೀಗೇ ಒಯ್ದಿದೆ. ಹುಲ್ಲು ನೀರಿನಲ್ಲಿ ಕೊಳೆಯುತ್ತದೆ, ಅಷ್ಟರಲ್ಲಿ ಅನಿಷ್ಟವೂ ಕೊಳೆಯುತ್ತದೆ ಎಂಬುದು ನಮ್ಮ ನಂಬಿಕೆ.

ಸುನ್‌ಡಕ್ ಅಜ್ಜಿ ಹೇಳಿದ್ದು ಇದಕ್ಕೆ ತದ್ವಿರುದ್ಧ. ಈಗಿನ ನಮ್ಮ ಅನಿಷ್ಟ ಕೊಳೆಯುವಂಥದ್ದಲ್ಲ, ಆದ್ದರಿಂದ ಅದನ್ನು ಕಳಿಸುವ ಹಾಗಿಲ್ಲ, ನಾವೇ ಇಟ್ಟುಕೊಂಡು ನೋಡಬೇಕು. ತಮ್ಮ ಕಚೇರಿಯ ಕಿರುಹೊತ್ತಿಗೆಯಲ್ಲಿ ಪುಟಗಟ್ಟಲೆ ಬರೆದಿದ್ದ ಪರಿಸರ ಪ್ರಜ್ಞೆ ಎಂಬುದು ಇದೇ ಇರಬೇಕೆಂದು ನಾವು ತಿಳಿದೆವು. ಈಗ ಆ ಹೊತ್ತಿಗೆಯನ್ನು ನಾನು ಬಣ್ಣ ಕಲಸುವ ಬಟ್ಟಲಿನ ಕೆಳಗೆ ಹಾಸಿದ್ದೇನೆ. ಒಳ್ಳೆಯ ಕಾಗದ, ಚೆನ್ನಾಗಿ ಹೀರುತ್ತದೆ.

ಅಜ್ಜಿ ಇನ್ನೂ ಒಂದು ಮಾತು ಹಾಕಿದರು. ಹುಲ್ಲಿನ ದೋಣಿಯಲ್ಲಿ ಮನೆಗೊಂದು ಗೊಂಬೆ ಇರುವಂತೆ ಇದರಲ್ಲೂ ಪ್ರತಿ ಮನೆಯವರು ತಮ್ಮದೇ ಕಸ ಹುಡುಕಿ ತರಬೇಕು, ಅದರ ಮೇಲೆ ದೋಣಿಗೆ ಹಚ್ಚುವ ಬಣ್ಣದಿಂದ ತಮ್ಮ ಹೆಸರು ಬರೆಯಬೇಕು. ಇದಕ್ಕೆ ಊರಿನಲ್ಲಿ ಗಲಾಟೆಯೇ ಆಯಿತು. ಮೀನುಗಾರರ ಸಂಘದ ಅಧ್ಯಕ್ಷ ಪ್ಯೊನ್ ಗಿಲ್‌ಸು ದಡದಲ್ಲಿ ಕಸ ಆಯುತ್ತಿದ್ದವರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಇದೆಲ್ಲ ಚೀನಾ ಕಡೆಯಿಂದ ತೇಲ್ಕೊಂಡು ಬರೋದು. ಅವ್ರ ಕಸಕ್ಕೆ ನಾವ್ಯಾಕೆ ಹೆಸರು ಬರೀಬೇಕು?"

ಅಜ್ಜಿ ಕಾಲಿನಿಂದ ಒಂದು ಥರ್ಮಾಕೋಲ್ ದಿಂಡನ್ನು ಉರುಳಿಸಿದರು. ತಿನ್ನುವ ಗಿಮ್ ಪಾಚಿ ಬೆಳೆಸುವ ಬಲೆಗಳನ್ನು ತೇಲಿಸಲು ಕಟ್ಟುವ ದಿಂಡು ಅದು. "ಓದಪ್ಪ ಇದನ್ನ."

"ಕನ್ನಡಕ ತಂದಿಲ್ಲ."

"ನಾನೇ ಓದ್ತೀನಿ ಬಿಡು. ನಿನ್ನ ದೋಣಿ ಹೆಸ್ರಿದೆ, ನೀಲಿ ಬಣ್ಣದಲ್ಲಿ. ಚೀನಾದಲ್ಲೂ ಒಂದು ದೋಣಿ ಇಟ್ಟಿದೀಯಾ? ಹೇಳ್ಲೇ ಇಲ್ವಲ್ಲೋ."

ದಡದಲ್ಲಿದ್ದವರೆಲ್ಲ ನಕ್ಕರು. ಗಿಲ್‌ಸು ಕಿವಿಯವರೆಗೂ ಕೆಂಪಾದರು. ಆಮೇಲೆ ಅವರೇ ಕುಂಚ ಇಸಿದುಕೊಂಡು, ಬರೆಯುವುದಾದರೆ ದೂರದಿಂದ ಕಾಣುವ ಹಾಗೇ ಬರೀತೀನಿ ಎಂದು ಊರಿಗೆಲ್ಲ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ಅಲ್ಲಿಂದ ಊರಿಗೆ ಹುಚ್ಚು ಹಿಡಿಯಿತು. ಹರಿದ ಬಲೆ, ಉಪ್ಪಿನ ಚೀಲ, ಕಿಮ್ಚಿ ಉಪ್ಪಿನಕಾಯಿ ಕಲಸುವ ಕೆಂಪು ರಬ್ಬರಿನ ಕೈಗವಸು, ನೂಡಲ್ಸ್ ಪೊಟ್ಟಣ, ಒಡೆದ ಬೇಸಿನ್ನು. ನನ್ನ ಅಂಗಡಿಯ ಮೋರಿ ಸೇರುವ ಕೆಸರಿನಲ್ಲಿ ಕೂದಲು ಸುತ್ತುವ ಕಡ್ಡಿಗಳು ಸಿಕ್ಕವು, ಅವು ನನ್ನವಲ್ಲದೆ ಇನ್ನಾರವು? ಅವನ್ನು ದೋಣಿಯ ಅಂಚಿಗೆ ಸಾಲಾಗಿ ಪೋಣಿಸಿ ಹೆಸರು ಬರೆದೆ. ಅಜ್ಜಿ ತಂದದ್ದು ಬಹಳ ಹಿಂದೆ ಬಿರುಗಾಳಿಗೆ ಕಿತ್ತುಹೋಗಿದ್ದ ತಮ್ಮ ಗಂಡನ ಕಾಲದ ದಿಂಡುಗಳು. ಗಂಡನ ಹೆಸರು ಬರೆಯಲೇ ಎಂದು ನಾನು ಕೇಳಿದೆ.

"ಬೇಡ. ಸತ್ತೋನು ಉತ್ತರ ಕೊಡೋಕೆ ಬರಲ್ಲ. ನನ್ನ ಹೆಸ್ರೇ ಬರಿ."

ಹಾಗಾಗಿ ಆ ದೋಣಿಯ ಮೇಲೆ ಅತಿ ಹೆಚ್ಚು ಸಲ ಇದ್ದ ಹೆಸರು ಮಾ ಸುನ್‌ಡಕ್. ತಮ್ಮ ಅರ್ಜಿಯಲ್ಲಿ ಕಲಾವಿದರ ಪ್ರತಿನಿಧಿ ಎಂಬ ಜಾಗದಲ್ಲೂ ನಾವು ಅದೇ ಹೆಸರು ತುಂಬಿದೆವು. ಎಂಬತ್ತು ದಾಟಿದ ಮೇಲೆ ಕಲಾವಿದೆ ಆದೆ ಎಂದು ಅಜ್ಜಿ ನಗುತ್ತಿದ್ದರು.

ದಕ್ಕೆಯ ಮೇಲೆ, ಅಲೆ ಮುಟ್ಟದ ಕಡೆ, ಕಬ್ಬಿಣದ ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದ ಆ ದೋಣಿಯನ್ನು ನೋಡಲು ಬೇಸಿಗೆಯಿಡೀ ಜನ ಬಂದರು. ತಾವೂ ಬಂದು, ಹೆಸರುಗಳನ್ನು ಓದಿ, ಎದೆಯ ಮೇಲೆ ಕೈಯಿಟ್ಟು, 'ಇದು ಪ್ರಾಮಾಣಿಕತೆಯ ಕಲೆ' ಎಂದಿರಿ. ಆ ಮಾತು ಕೇಳಿ ನನಗೆ ಕಣ್ಣೀರು ಬಂದಿತ್ತು. ಇಂದು ಅದನ್ನು ನೆನೆದರೆ ನನಗೆ ನನ್ನ ಕಣ್ಣೀರಿನ ಮೇಲೇ ಹೇಸಿಗೆಯಾಗುತ್ತದೆ.

ಇನ್ನು ಸಮಾರೋಪದ ದಿನ. ಸಿಯೋಲ್‌ನಿಂದ ದೊಡ್ಡ ಅತಿಥಿ ಬರುವವರಿದ್ದರು. ಬೆಳಗಿನಿಂದ ಹಸಿರು ಬಲೂನು, ಹಸಿರು ಟೋಪಿ, ಪ್ಲಾಸ್ಟಿಕ್ ಲೋಟದಲ್ಲಿ ಹಸಿರು ಶರಬತ್ತು. ಕಾರ್ಯಕ್ರಮ ನಡೆಸಲು ತಾವು ಗೊತ್ತು ಮಾಡಿದ್ದ ಕಂಪನಿಯವನು ದೋಣಿಯನ್ನು ಸುತ್ತು ಹಾಕಿ ನೋಡಿ ತಮ್ಮ ಕಿವಿಯಲ್ಲಿ ಏನೋ ಹೇಳಿದ. ಸುಮ್ಮನೆ ನಿಂತಿರುವ ದೋಣಿಯಲ್ಲಿ ಕ್ಲೈಮ್ಯಾಕ್ಸ್ ಇಲ್ಲವಂತೆ. ತಾವು ಅಜ್ಜಿಯ ಹತ್ತಿರ ಬಂದಿರಿ. ನಾನು ಪಕ್ಕದಲ್ಲೇ ಅಜ್ಜಿಯ ಕೂದಲು ಸರಿಮಾಡುತ್ತಿದ್ದೆ, ಒಂದೊಂದು ಮಾತೂ ಕೇಳಿಸಿದೆ.

"ದೋಣಿ ಅಂದ್ಮೇಲೆ ಹೋಗ್ಬೇಕಲ್ವಾ ಅಜ್ಜಿ? ನಿಮ್ಮ ಸಂಪ್ರದಾಯ ಅದೇ ತಾನೆ?"

"ಅದು ಹುಲ್ಲಿನ ದೋಣಿ ಸಾಹೇಬ್ರೆ. ಇದು ಹೋಗೋ ದೋಣಿ ಅಲ್ಲ. ಹೋಗ್ಬಾರ್ದು ಅಂತ್ಲೇ ಮಾಡಿದ್ದು."

"ಒಂದೇ ಒಂದು ಸುತ್ತು. ಫೋಟೊ ಆದ ತಕ್ಷಣ ಎಳ್ಕೊಂಡು ಬಂದು ಇಲ್ಲೇ ನಿಲ್ಲಿಸ್ತೀವಿ."

"ಹಗ್ಗ ಬಿಚ್ಚಲ್ಲ ತಾನೆ?"

"ನನ್ನ ಮೇಲೆ ನಂಬಿಕೆ ಇಲ್ವಾ ಅಜ್ಜಿ?"

ಅತಿಥಿ ಎದುರಿಗೆ ನಿಂತಿರುವಾಗ, ಕ್ಯಾಮೆರಾ ತಿರುಗುತ್ತಿರುವಾಗ ಹೀಗೆ ಕೇಳಿದರೆ ನಮ್ಮ ಕಡೆಯ ಯಾವ ಮುದುಕಿ ತಾನೆ ಇಲ್ಲ ಎನ್ನುತ್ತಾಳೆ? ಅದು ತಮಗೆ ಗೊತ್ತಿದ್ದೇ ಹಾಗೆ ಕೇಳಿದಿರಿ. ಅಜ್ಜಿ ತಲೆಯಾಡಿಸಿದರು. ಈಗ ತಮ್ಮ ಕಚೇರಿ ಅದನ್ನು ಸಮುದಾಯದ ಒಪ್ಪಿಗೆ ಎಂದು ಕರೆಯುತ್ತಿದೆ.

ಮುಂದಿನದನ್ನು ನಾವೆಲ್ಲ ದಕ್ಕೆಯ ಮೇಲೆ ಕಟ್ಟಿದ್ದ ದೊಡ್ಡ ಪರದೆಯಲ್ಲಿ ನೋಡಿದೆವು. ತಮ್ಮನ್ನೂ ಅತಿಥಿಯನ್ನೂ ಹತ್ತಿಸಿಕೊಂಡ ಕಂಪನಿಯ ಲಾಂಚು ನಮ್ಮ ದೋಣಿಯನ್ನು ಎಳೆದುಕೊಂಡು ಕೊಲ್ಲಿ ದಾಟಿತು, ಭೂಶಿರ ದಾಟಿತು. ಎಳೆಯುವ ಹಗ್ಗಕ್ಕೆ ಕೆಂಪು ರಿಬ್ಬನ್ ಸುತ್ತಿದ್ದರು. ತಾವೂ ಅತಿಥಿಗಳೂ ಬಿಳಿ ಕೈಗವಸು ತೊಟ್ಟಿರಿ. ತಟ್ಟೆಯಲ್ಲಿ ಕತ್ತರಿ ಬಂತು. ಅದು ಸೇತುವೆ, ಸಭಾಂಗಣಗಳ ಉದ್ಘಾಟನೆಯಲ್ಲಿ ಟೇಪು ಕತ್ತರಿಸುವ ಕತ್ತರಿ. ಅತಿಥಿಗಳು ಎರಡು ಕೈಯಲ್ಲಿ ಅದುಮಿದರೂ ರಿಬ್ಬನ್ ಕತ್ತರಿಸಿತೇ ಹೊರತು ಹಗ್ಗ ಜಪ್ಪಯ್ಯ ಅನ್ನಲಿಲ್ಲ. ಆಗ ತಾವು ಲಾಂಚಿನವನಿಂದ ಮೀನು ಕೊಯ್ಯುವ ಚಾಕು ಇಸಿದುಕೊಂಡು, ಆ ಬಿಳಿ ಕೈಗವಸಿನ ಕೈಯಿಂದ, ಗರಗಸ ಆಡಿಸಿದ ಹಾಗೆ ಹಗ್ಗ ಕೊಯ್ದಿರಿ. ಊರಿನ ಅನಿಷ್ಟವೆಲ್ಲ ದೂರ ಹೋಗಲಿ ಎಂದು ಧ್ವನಿವರ್ಧಕ ಕೂಗಿತು. ಪರ ಊರಿನಿಂದ ಬಂದವರು ಚಪ್ಪಾಳೆ ತಟ್ಟಿದರು. ನಮ್ಮೂರ ಕೆಲವರೂ ತಟ್ಟಿದರು, ಏನು ನಡೆಯಿತೆಂದು ತಿಳಿಯುವ ಮೊದಲೇ ಕೈಗಳು ತಟ್ಟಿಬಿಟ್ಟಿದ್ದವು.

ಗಿಲ್‌ಸು ತಮ್ಮ ದೋಣಿಗೆ ಓಡಿದರು. ಅತಿಥಿ ವಾಪಸ್ ಬರೋವರೆಗೂ ಯಾವ ದೋಣಿನೂ ಬಿಡೋ ಹಾಗಿಲ್ಲ ಎಂದು ತಮ್ಮ ಭದ್ರತೆಯವರು ತಡೆದರು. ಅತಿಥಿ ವಾಪಸ್ ಬಂದು, ಉಡುಗೊರೆ ಪಡೆದು, ಗಿಮ್ ಸುತ್ತಿದ ಅನ್ನ ತಿಂದು ಹೋಗುವಷ್ಟರಲ್ಲಿ ಇಳಿತದ ನೀರು ದೋಣಿಯನ್ನು ಕಣ್ಣಿಗೆ ಕಾಣದಷ್ಟು ದೂರ ಒಯ್ದಿತ್ತು. ಒಂದು ವಿಷಯದಲ್ಲಿ ಮಾತ್ರ ತಾವು ನಮ್ಮ ಸಂಪ್ರದಾಯವನ್ನು ಚಾಚೂ ತಪ್ಪದೆ ಪಾಲಿಸಿದ್ದೀರಿ. ಬಿಟ್ಟ ಮೇಲೆ ಒಮ್ಮೆಯೂ ತಿರುಗಿ ನೋಡಿಲ್ಲ.

ತಿರುಗಿ ನೋಡಿದ್ದರೆ ಆ ದೋಣಿ ಹೊರಗಿನ ಬಂಡೆಗಳಿಗೆ ಬಡಿದು ಚೂರಾದದ್ದು ಕಾಣುತ್ತಿತ್ತು. ಪುಡಿಯಾದ ಥರ್ಮಾಕೋಲ್ ಕಾಳು, ಗಿಮ್ ಆಗಷ್ಟೇ ಮೊಳೆಯುತ್ತಿದ್ದ ಬಲೆಗಳಿಗೆ ಅಂಟಿಕೊಂಡದ್ದು ಕಾಣುತ್ತಿತ್ತು. ವಸಂತವಿಡೀ ಬಗ್ಗಿ ಆಯ್ದ ಕಸವನ್ನೇ ನಮ್ಮ ಹೆಂಗಸರು ಚಳಿನೀರಿನಲ್ಲಿ ನಿಂತು ಮತ್ತೆ ಆಯ್ದದ್ದು ಕಾಣುತ್ತಿತ್ತು. ಉಳಿದದ್ದು ಬೇರೆ ದ್ವೀಪಗಳ ದಡ ಸೇರಿತು. ಅಲ್ಲಿಯವರು ದೂರು ಕೊಟ್ಟರು, ಕೊಡಬೇಕಾದ್ದೇ. ಕರಾವಳಿ ಪೊಲೀಸರು ಬಂದು ಆ ಚೂರುಗಳನ್ನು ಒಟ್ಟು ಮಾಡಿದರು. ಸಮುದ್ರಕ್ಕೆ ಕಸ ಸುರಿದವರನ್ನು ಪತ್ತೆ ಹಚ್ಚುವುದು ಸಾಮಾನ್ಯವಾಗಿ ಕಷ್ಟವಂತೆ. ಈ ಸಲ ಕಷ್ಟವೇ ಆಗಲಿಲ್ಲ. ಪ್ರತಿಯೊಂದು ಚೂರಿನ ಮೇಲೂ ಹೆಸರಿತ್ತು.

ಇಷ್ಟಾದ ಮೇಲೂ ತಾವು ಒಂದು ಮಾತು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಿದಿರಾ? ಪೊಲೀಸರು ಕೇಳಿದ್ದಕ್ಕೆ ತಮ್ಮ ಕಚೇರಿ ಕೊಟ್ಟ ಉತ್ತರ ಹೀಗಿದೆ: ಕಲಾಕೃತಿಯ ಒಡೆತನ ಸಮುದಾಯದ್ದು, ಅದರ ವಿಸರ್ಜನೆಯು ಸಮುದಾಯದ ಪಾರಂಪರಿಕ ಪದ್ಧತಿಯಂತೆ ನಡೆದಿದೆ. ಅಂದಿನ ದೃಶ್ಯಗಳನ್ನು ಕೇಳಿದರೆ ಕಂಪನಿಯ ಹತ್ತಿರ ಅವು ಉಳಿದಿಲ್ಲವಂತೆ. ತಮ್ಮ ಜಾಲತಾಣದಲ್ಲಿರುವ ವಿಡಿಯೊದಲ್ಲಿ ಹಗ್ಗ ಬಿಗಿಯಾಗುತ್ತದೆ, ಅಲ್ಲಿಂದ ಒಂದೇ ಜಿಗಿತಕ್ಕೆ ಬಾಣಬಿರುಸು. ನಡುವೆ ಇದ್ದ ಚಾಕು, ಕೈಗವಸು, ತಾವು, ಎಲ್ಲ ಮಾಯ. ವಿಸರ್ಜನೆ! ದೇವರ ಕೆಲಸಕ್ಕೆ ಬಳಸುವ ಮಾತನ್ನು ತಂದು ಈ ಹೊಲಸಿನ ಮೇಲೆ ಹೊದಿಸಲು ತಮ್ಮ ಕಚೇರಿಯ ಯಾವ ಪಂಡಿತರಿಗೆ ಕೈ ಬಂತು ಎಂದು ತಿಳಿಯುವ ಕುತೂಹಲ ನನಗಿದೆ.

ಪೊಲೀಸರು ವಿಚಾರಿಸಿಕೊಂಡು ಹೋದ ಮೇಲೆ ಅಜ್ಜಿ ನೇರವಾಗಿ ನನ್ನ ಅಂಗಡಿಗೆ ಬಂದರು.

"ಏನ್ ಕೇಳಿದ್ರಜ್ಜಿ?"

"ಇದು ನಿಮ್ಮ ಹೆಸ್ರೇನಾ ಅಂದ್ರು. ಹೌದು ಅಂದೆ."

"ಅಷ್ಟೇನಾ? ಆ ಸಾಹೇಬ್ರು ಕುಯ್ದಿದ್ದು ಹೇಳ್ಲಿಲ್ವಾ?"

"ಹೇಳ್ದೆ ಕಣೆ. ಅದಕ್ಕೆ ಆ ಪೊಲೀಸ್ ಹುಡ್ಗ, ಅವ್ರ ಹೆಸ್ರು ಎಲ್ಲಾದ್ರೂ ಬರ್ದಿದ್ಯಾ ಅಜ್ಜಿ ಅಂದ."

ನಾನು ಬಾಯಿಗೆ ಬಂದಂತೆ ಬೈದೆ. ಯಾರನ್ನೆಂದು ತಮಗೆ ತಿಳಿದಿರಬಹುದು. ಠಾಣೆಯಲ್ಲಿ ನನಗೇನೂ ಗೊತ್ತಿಲ್ಲ ಅಂದುಬಿಡಿ, ವಯಸ್ಸಾಗಿದೆ, ಬಿಟ್ಟುಬಿಡುತ್ತಾರೆ ಎಂದೆ. ಅಜ್ಜಿ ಒಪ್ಪಲಿಲ್ಲ.

"ನಂದು ಅಂತ ನಾನೇ ಬರ್ಸಿದೀನಿ. ಈಗ ನಂದಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಮಾನ್ಯರೇ, ನನಗೆ ದಂಡದ ಚಿಂತೆಯಲ್ಲ, ಬಂದರೆ ಊರೇ ಸೇರಿ ಕಟ್ಟುತ್ತದೆ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಒಂದು ಇಡೀ ಊರು, ತಪ್ಪನ್ನು ಚೀನಾದ ಮೇಲೆ, ಗಾಳಿಯ ಮೇಲೆ, ಸತ್ತವರ ಮೇಲೆ ಹೊರಿಸುವುದನ್ನು ಬಿಟ್ಟು, ಮೊದಲ ಸಲ ತನ್ನ ಕಸದ ಮೇಲೆ ತನ್ನ ಹೆಸರು ಬರೆಯಿತು. ನಾವು ಮಾಡಿದ ಕಲೆ ಅದು, ದೋಣಿಯಲ್ಲ. ತಾವು ಮುಳುಗಿಸಿದ್ದೂ ಅದನ್ನೇ. ಹೋದ ವಾರ ಗಿಲ್‌ಸು ಅಂಗಳದಲ್ಲಿ ಹೊಸ ದಿಂಡುಗಳನ್ನು ಗುಡ್ಡೆ ಹಾಕಿಕೊಂಡು, ಚಾಕುವಿನಿಂದ ಅವುಗಳ ಮೇಲಿನ ದೋಣಿಯ ಹೆಸರನ್ನು ಹೆರೆಯುತ್ತಿದ್ದರು.

"ಏನಣ್ಣ ಇದು?"

"ಕಾಣಲ್ವಾ? ಚೀನಾದ್ದು ಮಾಡ್ತಿದೀನಿ."

ಈ ಸಲ ಯಾರೂ ನಗಲಿಲ್ಲ. ಅವರೊಬ್ಬರೇ ಅಲ್ಲ, ದಕ್ಕೆಯ ಉದ್ದಕ್ಕೂ ಎಲ್ಲರ ಅಂಗಳದಲ್ಲೂ ಅದೇ ಕೆಲಸ ನಡೆದಿದೆ. ಕಾನೂನಿನ ಪ್ರಕಾರ ದಿಂಡಿನ ಮೇಲೆ ಹೆಸರಿರಬೇಕು, ಆದರೆ ಹೆಸರಿದ್ದವರು ಠಾಣೆಗೆ ಹೋಗುತ್ತಾರೆ, ಇಲ್ಲದವರು ವೇದಿಕೆಯ ಮೇಲೆ ಕೂರುತ್ತಾರೆ ಎಂಬ ಪಾಠವನ್ನು ತಾವು ಕಲಿಸಿದ್ದೀರಿ. ಇನ್ನು ಹತ್ತು ಪರಿಸರ ಉತ್ಸವ ಮಾಡಿದರೂ ನಮ್ಮೂರವರ ಕೈಗೆ ಆ ಕುಂಚ ಕೊಡಿಸಲು ತಮ್ಮಿಂದಾಗದು. ಹೀಗಿರುವಾಗ ಮುಂದಿನ ವರ್ಷಕ್ಕೆ ಇನ್ನೂ ದೊಡ್ಡ ದೋಣಿ ಮಾಡಿಕೊಡಿ ಎಂದು ತಮ್ಮ ಕಚೇರಿಯಿಂದ ಮೊನ್ನೆ ಸುತ್ತೋಲೆ ಬಂದಿದೆ. ಅದನ್ನು ಓದಿ ಕುರ್ಚಿಯಲ್ಲಿದ್ದ ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ನಿಲ್ಲಬೇಕಾಯಿತು.

ತಾವು ಕ್ಷಮೆ ಕೇಳಬೇಕೆಂದು ನಾವು ಹೇಳುತ್ತಿಲ್ಲ. ಕ್ಷಮೆಗೂ ತಮ್ಮಲ್ಲಿ ಒಂದು ಸಮಾರಂಭ, ಒಂದು ಬ್ಯಾನರು, ಒಂದು ಬಿಳಿ ಕೈಗವಸು ಇದ್ದೇ ಇರುತ್ತದೆ. ಪೊಲೀಸರಿಗೆ ಕೊಟ್ಟ ಆ ಸುಳ್ಳು ಉತ್ತರವನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹಗ್ಗ ಕೊಯ್ದವನು ನಾನು ಎಂದು ತಮ್ಮ ಬಾಯಿಂದ, ತಮ್ಮ ಹೆಸರು ಹೇಳಿ, ಠಾಣೆಯಲ್ಲಿ ಬರೆಸಿ. ಕೆಳಗಿನವರನ್ನು ಕಳಿಸಬೇಡಿ. ಚಾಕು ಹಿಡಿದದ್ದು ಅವರಲ್ಲ.

ಅಜ್ಜಿ ನಿನ್ನೆ ಬಂದು ಕೂದಲಿಗೆ ಗುಂಗುರು ಹಾಕಿಸಿಕೊಂಡು ಹೋದರು. ಹಬ್ಬಕ್ಕೆ ಇನ್ನೂ ದಿನವಿದೆಯಲ್ಲ, ಈಗಲೇ ಯಾಕೆ ಎಂದು ಕೇಳಿದೆ.

"ಗಟ್ಟಿಯಾಗಿ ಸುತ್ತೆ" ಎಂದರು. "ಅಲ್ಲಿ ಫೋಟೊ ತೆಗೀತಾರಂತೆ. ಮೊಮ್ಮಕ್ಕಳು ಮುಂದೆ ಯಾವತ್ತಾದ್ರೂ ನೋಡಿದ್ರೆ, ಅಜ್ಜಿ ತಲೆ ಕೆದರ್ಕೊಂಡು ನಿಂತಿದ್ಲು ಅನ್ಬಾರ್ದು."

ನಾನು ಈ ಕೆಲಸ ಶುರು ಮಾಡಿದಾಗಿನಿಂದ ಮದುವೆಗೆ, ಅರವತ್ತರ ಶಾಂತಿಗೆ, ಹೆಣಕ್ಕೆ ಕೂಡ ಕೂದಲು ಸಿಂಗರಿಸಿದ್ದೇನೆ. ಪೊಲೀಸರ ಫೋಟೊಗೆ ಸಿಂಗರಿಸಿದ್ದು ಇದೇ ಮೊದಲು. ಗಟ್ಟಿಯಾಗಿ ಸುತ್ತುವ ಭರದಲ್ಲಿ ಒಂದು ಕಡೆ ಸ್ವಲ್ಪ ಸೊಟ್ಟಗಾಯಿತು. ಅಜ್ಜಿ ಕನ್ನಡಿ ನೋಡಿಕೊಂಡು, ಚೆನ್ನಾಗಿದೆ ಬಿಡು ಎಂದರು. ಗುರುವಾರ ಬೆಳಗಿನ ಮೊದಲ ಲಾಂಚಿಗೆ ಅವರ ಜೊತೆ ನಾನೂ ಹೊರಡುತ್ತೇನೆ. ನಾವು ಸಮುದ್ರ ದಾಟಿ ಬರಬೇಕು. ತಮಗೆ ಠಾಣೆ ಕಚೇರಿಯ ಎದುರಿಗೇ ಇದೆ, ರಸ್ತೆ ದಾಟಿದರೆ ಸಾಕು. ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ ಕ್ಯಾಮೆರಾ ಎತ್ತುವ ಮೊದಲು ಬನ್ನಿ.

ಇಂತಿ,
ತಮ್ಮ ಉತ್ಸವದಲ್ಲಿ ಕಲಾವಿದೆಯಾಗಿ, ಪೊಲೀಸರ ಪಟ್ಟಿಯಲ್ಲಿ ಮುಂದಿನ ಆರೋಪಿಯಾಗಿ ಏಕಕಾಲಕ್ಕೆ ಸ್ಥಾನ ಪಡೆದಿರುವ,
ಗುಕ್ ಮಿರಾನ್
ಕೂದಲಿನ ಅಂಗಡಿ, ದೊಲ್‌ಮೊಕ್ ದಕ್ಕೆ